ಮೊದಲು ಯಾರು ಫೋನ್ ಮಾಡಬೇಕು

ಶಿವಮೊಗ್ಗದ ವಿನೋಬನಗರದ ‘ಬಿಸಿಲು ಸೋಲಾರ್’ ಆಫೀಸಿನಲ್ಲಿ ಕೂತು ಪುಷ್ಪಾ ಗುರುತು ಪರಿಚಯವಿಲ್ಲದ ಜಗತ್ತಿಗೆಲ್ಲ ಫೋನ್ ಮಾಡುತ್ತಿದ್ದಳು. ಸ್ವಂತ ಅಣ್ಣನಿಗೆ ಮಾತ್ರ ಮೂರು ವರ್ಷದಿಂದ ಮಾಡಿರಲಿಲ್ಲ.

ಫೋನ್ ಮಾಡುವುದೇ ಅವಳ ಕಸುಬು. ಕಂಪನಿಯ ಯಜಮಾನರಾದ ಹೂವಪ್ಪನವರು ಮಾಚೇನಹಳ್ಳಿಯ ಶೆಡ್ಡಿನಲ್ಲಿ ನೀರು ಕಾಯಿಸುವ ಸೋಲಾರ್ ತಯಾರು ಮಾಡಿಸುತ್ತಿದ್ದರು. ಪುಷ್ಪಾ ಮತ್ತು ವೀಣಾ ಎಂಬ ಇನ್ನೊಬ್ಬ ಹುಡುಗಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಕೂತು, ಅದನ್ನು ಜಿಲ್ಲೆಯ ಜನರ ತಾರಸಿಗೆ ಹತ್ತಿಸುತ್ತಿದ್ದರು. ಕೆಳಗಿನಿಂದ ಆಗಾಗ ಹಲ್ಲು ಕೀಳಿಸಿಕೊಳ್ಳುವವರ ಕೂಗು ಕೇಳುತ್ತಿತ್ತು. ಫೋನಿನ ಆ ಕಡೆಯವರು ಗಾಬರಿಯಾದರೆ, “ಏನಿಲ್ಲ ಬಿಡಿ, ಕೆಳಗೆ ಡಾಕ್ಟ್ರಿದಾರೆ” ಎಂದು ಪುಷ್ಪಾ ಸಮಾಧಾನ ಮಾಡುತ್ತಿದ್ದಳು.

ಅವಳು ಮಾರುವ ರೀತಿಯೇ ಬೇರೆ. ಮೊದಲ ಹತ್ತು ನಿಮಿಷ ಸೋಲಾರ್ ಎಂಬ ಶಬ್ದವೇ ಅವಳ ಬಾಯಿಂದ ಬರುತ್ತಿರಲಿಲ್ಲ. ಊಟ ಆಯ್ತಾ, ಏನು ಸಾರು, ನಿಮ್ಮ ಕಡೆ ಮಳೆ ಹೇಗೆ, ಮಂಡಿನೋವಿಗೆ ಏನು ಹಚ್ತೀರಿ. ಕುಂಸಿಯ ಒಬ್ಬ ರೈತ ತನ್ನ ಎಮ್ಮೆ ಕರು ಹಾಕಿದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿ, “ಅದ್ಸರಿ ತಾಯಿ, ನೀವ್ಯಾರು?” ಎಂದು ಕೇಳಿದ್ದ. ಅಷ್ಟು ಹೊತ್ತಿಗೆ ಅರ್ಧ ವ್ಯಾಪಾರ ಆಗಿಹೋಗಿತ್ತು. ಬಾಣಂತಿ ಎಮ್ಮೆಯ ಮೈ ತೊಳೆಯೋಕಾದ್ರೂ ಬಿಸಿನೀರು ಬೇಡವೇ ಎಂದು ಅವಳು ಕೇಳಿದಳು, ಹೌದಲ್ಲ ಎಂದು ಅವನಿಗೂ ಅನ್ನಿಸಿತು. ಮುಂದಿನ ವಾರ ಅವನ ತಾರಸಿಯ ಮೇಲೆ ಟ್ಯಾಂಕು ಕೂತಿತು.

ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಿಗೆ ಪುಷ್ಪಾಳ ತವರುಮನೆಯ ಪರಿಚಯ ಇರಲಿಲ್ಲ.

ಅಣ್ಣ ಜಯಪ್ಪ ಭದ್ರಾವತಿಯಲ್ಲಿದ್ದ. ಕಬ್ಬಿಣದ ಕಾರ್ಖಾನೆಯಲ್ಲಿ ಭಾರಿ ಮಷೀನುಗಳ ಪಕ್ಕ ನಿಂತೇ ವಯಸ್ಸು ಕಳೆದವನು. ಆ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವನ ಗಂಟಲು ಒಂದು ಹದಕ್ಕೆ ಬಂದುಬಿಟ್ಟಿತ್ತು, ಪಿಸುಮಾತು ಆಡಿದರೂ ಪಕ್ಕದ ಮನೆಯವರು “ಏನಂದ್ರಿ?” ಎಂದು ಕೇಳುತ್ತಿದ್ದರು. ನಿವೃತ್ತನಾದ ಮೇಲೆ ಅಲ್ಲೇ ಜನ್ನಾಪುರದಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಹೆಂಡತಿ ಜಲಜಮ್ಮನ ಕೈಯಲ್ಲಿ ಕುಂಕುಮದ ಭರಣಿ ಹಿಡಿಸಿಕೊಂಡು ಮನೆಮನೆಗೆ ಹೋಗಿ ಕರೆದ. ಹಾಲಿನವನನ್ನು ಕರೆದ, ಹಳೇ ಶಿಫ್ಟಿನ ಮೇಸ್ತ್ರಿಯನ್ನು ಕರೆದ, ಕಾಂಪೌಂಡಿನ ವಿಷಯಕ್ಕೆ ಕೈ ಕೈ ಮಿಲಾಯಿಸಿದ್ದ ಪಕ್ಕದ ಸೈಟಿನವನನ್ನೂ ಕರೆದ. ಇರುವ ಒಬ್ಬಳೇ ತಂಗಿಗೆ ಮಾತ್ರ ಫೋನ್ ಮಾಡಿ, “ಬುಧವಾರ ಬೆಳಿಗ್ಗೆನೇ ಬಂದ್ಬಿಡು” ಎಂದು ಹೇಳಿ ಇಟ್ಟುಬಿಟ್ಟ.

ಫೋನಿನಲ್ಲಿ! ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಫೋನ್ ಮಾಡಿಯೇ ಅನ್ನ ತಿನ್ನುವ ಹೆಂಗಸಿಗೆ ಫೋನಿನ ಮೇಲೆ ಇಷ್ಟು ತಾತ್ಸಾರವೇ ಎಂದು ನೀವು ಕೇಳಬಹುದು. ಫೋನಿನಲ್ಲಿ ಆಡುವ ಮಾತಿನ ತೂಕ ಎಷ್ಟು ಎಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ದಿನಕ್ಕೆ ನೂರು ಜನರನ್ನು ಅವಳೇ ಅಣ್ಣ, ಅಕ್ಕ, ಅಮ್ಮ ಎಂದು ಫೋನಿನಲ್ಲಿ ಕರೆಯುತ್ತಿದ್ದಳು. ತವರಿನವರು ಮನೆಗೆ ಬಂದು, ಹಣೆಗೆ ಕುಂಕುಮ ಇಟ್ಟು ಕರೆದರೆ ಅದು ಕರೆ. ಜಯಪ್ಪನ ವಾದ ಇನ್ನೊಂದು: “ಮನೆಯವಳನ್ನ ಯಾರಾದ್ರೂ ಕರೀತಾರೇನೇ? ಕರೆಯೋದು ಹೊರಗಿನವ್ರನ್ನ.” ಇಬ್ಬರ ಮಾತೂ ಸರಿಯೇ ಇತ್ತು, ಅದಕ್ಕೇ ಜಗಳ ಮುಗಿಯಲಿಲ್ಲ.

ಅವಳು ಹೋಗಲಿಲ್ಲ. ಕಳಶ ಹಿಡಿದು ಹೊಸ್ತಿಲು ದಾಟಬೇಕಾದ ತಂಗಿಯ ಜಾಗದಲ್ಲಿ ಜಲಜಮ್ಮನ ತಂಗಿ ನಿಂತಳು. ಆ ಫೋಟೋ ಯಾರದೋ ಫೋನಿನಲ್ಲಿ ನೋಡಿ ಪುಷ್ಪಾ ಬಚ್ಚಲುಮನೆಗೆ ಹೋಗಿ ಅತ್ತಳು. ಅವನೇ ಮೊದಲು ಫೋನ್ ಮಾಡಲಿ ಎಂದಳು ಅವಳು. ಬರದೇ ಇದ್ದವಳು ಅವಳು, ಅವಳೇ ಮಾಡಲಿ ಎಂದ ಅವನು. ಹೀಗೆ ಮೂರು ಗೌರಿ ಹಬ್ಬ ತವರಿನ ಬಾಗಿನವಿಲ್ಲದೆ ಕಳೆದವು. ಹಬ್ಬದ ದಿನ ಸಂಜೆಯವರೆಗೂ ಅವಳು ಫೋನನ್ನು ಸೊಂಟಕ್ಕೇ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಕೇಳಿದರೆ, ಟೈಮ್ ನೋಡೋಕೆ ಎನ್ನುತ್ತಿದ್ದಳು.

ಹೀಗಿರುವಾಗ ಹೂವಪ್ಪನವರಿಗೆ ಡಯಲರಿನ ಹುಚ್ಚು ಹಿಡಿಯಿತು. ಪಕ್ಕದ ರಸ್ತೆಯ ಟೈಲ್ಸ್ ಅಂಗಡಿಯವನು ಅದೇನೋ ಹಾಕಿಸಿದ್ದಾನಂತೆ, ತಾನಾಗೇ ಫೋನ್ ಮಾಡುತ್ತದಂತೆ. ಇಬ್ಬರು ಮಾರಾಟಗಾರರು ಬಂದರು. ಒಂದೊಂದು ವಾರ ಬಿಟ್ಟಿಯಾಗಿ ಓಡಿಸಿ ನೋಡಿ, ಹಿಡಿಸಿದ್ದು ಇಟ್ಟುಕೊಳ್ಳಿ ಎಂದರು.

“ಫೋನ್ ಮಾಡೋರು ನೀವು, ಆರ್ಸೋರೂ ನೀವೇ ಪುಷ್ಪಮ್ಮ” ಎಂದರು ಹೂವಪ್ಪನವರು. “ನಂಗೆ ಅಷ್ಟು ಗೊತ್ತಾಗಲ್ಲ. ನೀವು ಯಾವ್ದು ಅಂತೀರೋ ಅದು.”

ಮೊದಲನೆಯದು ಸಾಧು ಡಯಲರು. ಪರದೆಯ ಮೇಲೆ ಒಂದು ಹೆಸರು, ಊರು, ನಂಬರು ತೋರಿಸಿ ಸುಮ್ಮನೆ ಕೂರುತ್ತಿತ್ತು. ಹಸಿರು ಗುಂಡಿ ಒತ್ತಿದರೆ ಕರೆ ಹೋಗುತ್ತಿತ್ತು, ಹಳದಿ ಗುಂಡಿ ಒತ್ತಿದರೆ ಆ ಹೆಸರನ್ನು ದಾಟಿಸಿ ಮುಂದಿನದನ್ನು ತೋರಿಸುತ್ತಿತ್ತು. ಹಳದಿ ಗುಂಡಿ ನೋಡಿದ್ದೇ ಪುಷ್ಪಾಳ ಮನಸ್ಸು ಅದರ ಕಡೆ ವಾಲಿತು.

ಅದಕ್ಕೆ ಕಾರಣ ಇತ್ತು. ಹೋದ ವರ್ಷ ಭದ್ರಾವತಿಯಲ್ಲಿ ಕಂಪನಿಯ ಮಳಿಗೆ ಹಾಕಿದಾಗ, ಅದೃಷ್ಟ ಚೀಟಿಯಲ್ಲಿ ಕುಕ್ಕರ್ ಕೊಡುತ್ತೇವೆಂದು ಜನರ ಹೆಸರು, ನಂಬರು ಬರೆಸಿಕೊಂಡಿದ್ದರು. ಚೀಟಿ ಕಂಡರೆ ತುಂಬದೆ ಬಿಡದವನು ಜಯಪ್ಪ. ಅವನ ನಂಬರು ಕಂಪನಿಗೆ ಬಂದು ಸೇರಿತ್ತು. ಭದ್ರಾವತಿಯವರಿಗೆ ನಾನೇ ಮಾಡ್ತೀನಿ ಎಂದು ಪುಷ್ಪಾ ಹಟ ಹಿಡಿದು ಆ ಊರನ್ನು ತನ್ನ ಪಾಲಿಗೆ ಇಟ್ಟುಕೊಂಡು, ಆ ಒಂದು ನಂಬರನ್ನು ಜಾಣತನದಿಂದ ಹಾರಿಸುತ್ತ ಬಂದಿದ್ದಳು. ವ್ಯಾಪಾರದ ನೆಪದಲ್ಲಾದರೂ ತಾನು ಮೊದಲು ಮಾಡಿದಂತೆ ಆಗಬಾರದಲ್ಲ! ಸಾಧು ಡಯಲರಿನ ವಾರದಲ್ಲಿ ‘ಜಯಪ್ಪ, ಜನ್ನಾಪುರ’ ಎಂದು ಪರದೆಯ ಮೇಲೆ ಬಂದಾಗ ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ಹಳದಿ ಒತ್ತಿದಳು.

“ಇದೇ ಇರ್ಲಿ ಸಾರ್” ಎಂದಳು ವಾರ ಮುಗಿದ ಕೂಡಲೇ.

“ಅರೆ, ಇನ್ನೊಂದು ನೋಡ್ಬೇಡ್ವಾ? ಸೀರೆ ಅಂಗಡೀಲಿ ಮೊದಲ್ನೇ ಸೀರೆನೇ ತಗೊಂಡು ಎದ್ದು ಬರ್ತೀರಾ ನೀವು?” ಎಂದರು ಹೂವಪ್ಪನವರು.

ಎರಡನೆಯ ಡಯಲರನ್ನು ಯೋಗೇಶ್ ಎಂಬವನು ತಂದ. ಷರಟಿನ ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ನಾಲ್ಕು ಜನರ ಮಾತು. ಇದು ಸಾಧುವಲ್ಲ, ಭೂತ ಎಂದು ಪುಷ್ಪಾಳಿಗೆ ಐದು ನಿಮಿಷದಲ್ಲಿ ತಿಳಿಯಿತು.

“ನೋಡಿ ಮೇಡಂ, ಇದು ಒಂದೇ ಸಲಕ್ಕೆ ಐದಾರು ನಂಬರಿಗೆ ಹೊಡೆಯುತ್ತೆ. ಎತ್ತಿದವ್ರನ್ನ ತಂದು ನಿಮ್ಮ ಕಿವಿಗೆ ಕೊಡುತ್ತೆ. ನೀವು ಗುಂಡಿ ಒತ್ತೋದೂ ಬೇಡ, ನಂಬರ್ ನೋಡೋದೂ ಬೇಡ. ಎತ್ತಿದ್ದು ಮನುಷ್ಯರೋ ರೆಕಾರ್ಡಿಂಗ್ ಮಷೀನೋ ಅಂತಾನೂ ಅದೇ ಕಂಡುಹಿಡಿಯುತ್ತೆ. ಮಷೀನಾದ್ರೆ ಕಟ್ ಮಾಡಿ, ಗಂಟೆ ಬಿಟ್ಟು ಮತ್ತೆ ಹೊಡೆಯುತ್ತೆ. ಮನುಷ್ಯರು ಸಿಗೋವರ್ಗೂ ಬಿಡಲ್ಲ.”

“ಮನುಷ್ಯರು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?” ಎಂದಳು ವೀಣಾ.

“ಸಿಂಪಲ್. ಮನುಷ್ಯ ‘ಹಲೋ’ ಅಂತಾನೆ, ಸುಮ್ನಾಗ್ತಾನೆ. ಆ ಕಡೆಯವ್ರು ಏನ್ ಹೇಳ್ತಾರೆ ಅಂತ ಕಾಯ್ತಾನೆ. ಮಷೀನಾದ್ರೆ ಉಸಿರು ಬಿಡದೆ ಮಾತಾಡ್ತಾ ಹೋಗುತ್ತೆ.”

ಯಾವ ಊರಿನ ಮನುಷ್ಯರನ್ನು ನೋಡಿ ಈ ಲೆಕ್ಕ ಹಾಕಿದ್ದರೋ ದೇವರಿಗೇ ಗೊತ್ತು, ಭದ್ರಾವತಿಯವರನ್ನಂತೂ ಅಲ್ಲ. ಆದರೆ ಆ ಕ್ಷಣ ಅದು ಯಾರಿಗೂ ಹೊಳೆಯಲಿಲ್ಲ. ಪುಷ್ಪಾಳ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

ಎಲ್ಲರೂ ಕಾಫಿಗೆ ಎದ್ದಾಗ ಅವಳು ಯೋಗೇಶನ ಪಕ್ಕ ಬಂದು, “ಇದರಿಂದ ಒಂದು ನಂಬರ್ ತೆಗೀಬೇಕಿತ್ತಲ್ಲ” ಎಂದು ಮೆಲ್ಲಗೆ ಹೇಳಿದಳು.

“ಅದಕ್ಕೇನು ಮೇಡಂ, ಈಗಲೇ ತೆಗೆಯೋಣ. ಕಾರಣ ಏನು ಅಂತ ಆರಿಸಬೇಕು ಅಷ್ಟೇ.” ಅವನು ಪರದೆಯ ಮೇಲೆ ಕಾರಣಗಳನ್ನು ಬಿಚ್ಚಿ ತೋರಿಸಿದ. ತಪ್ಪು ನಂಬರು. ಈಗಾಗಲೇ ಸೋಲಾರ್ ಹಾಕಿಸಿದ್ದಾರೆ. ಕರೆ ಬೇಡ ಎಂದಿದ್ದಾರೆ. ತೀರಿಕೊಂಡಿದ್ದಾರೆ.

ಪುಷ್ಪಾ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು. ತಪ್ಪು ನಂಬರು ಎಂದರೆ ಸುಳ್ಳಾಗುತ್ತದೆ, ಆ ನಂಬರು ಅವಳಿಗೆ ಬಾಯಿಪಾಠ. ಸೋಲಾರ್ ಹಾಕಿಸಿದ್ದಾನೋ ಇಲ್ಲವೋ, ಆ ಮನೆಯ ತಾರಸಿಯನ್ನು ಅವಳು ನೋಡಿಯೇ ಇಲ್ಲ. ಕರೆ ಬೇಡ ಎಂದು ಅವನು ಯಾವತ್ತೂ ಅಂದವನಲ್ಲ, ನೀನೇ ಮಾಡು ಎನ್ನುವವನು. ಕೊನೆಯದರ ಮೇಲೆ ಕಣ್ಣು ಬಿದ್ದಾಗ “ಬಿಡ್ತು ಅನ್ನಿ” ಎಂದು ಗದರಿದಳು. ಯೋಗೇಶನಿಗೆ ತಾನೇನು ಅಂದೆ ಎಂದು ತಿಳಿಯಲಿಲ್ಲ. ‘ಅವನೇ ಮೊದಲು ಮಾಡಬೇಕು’ ಎಂಬ ಕಾರಣ ಆ ಪಟ್ಟಿಯಲ್ಲಿ ಇರಲಿಲ್ಲ. ಅವಳು ನಂಬರನ್ನು ಹಾಗೇ ಬಿಟ್ಟಳು.

ಭೂತ ಶುರುವಾಯಿತು. ಪುಷ್ಪಾ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಯಾವ ಗಳಿಗೆಯಲ್ಲಿ ಅಣ್ಣನ ದನಿ ಬಂದು ಕಿವಿಗೆ ಬಡಿಯುವುದೋ ಎಂದು ಬೆವರುತ್ತ ಕೂತಳು. ಬಂದರೆ ಏನು ಹೇಳುವುದು? ಕೆಮ್ಮಿ ಇಟ್ಟುಬಿಡಬೇಕು ಎಂದು ಒಮ್ಮೆ ಅನ್ನಿಸಿತು. ಇಡದೆ ಸುಮ್ಮನೆ ಕೇಳಿಸಿಕೊಳ್ಳಬೇಕು ಎಂದು ಇನ್ನೊಮ್ಮೆ ಅನ್ನಿಸಿತು. ಅವನು ಬರಲೇ ಇಲ್ಲ. ಮೊದಲ ದಿನ ಸಮಾಧಾನವಾಯಿತು. ಎರಡನೆಯ ದಿನ ಸಂಜೆ ಹೊತ್ತಿಗೆ, ಎಲ್ಲಾದರೂ ಮೈ ಸರಿಯಿಲ್ಲವೋ, ಫೋನೇ ಎತ್ತುತ್ತಿಲ್ಲವೋ ಎಂದು ಸಂಕಟ ಶುರುವಾಯಿತು. ಹೆಣ್ಣುಮಕ್ಕಳ ತವರಿನ ಪ್ರೀತಿ ಹೀಗೇ, ಮಾತು ಬಿಟ್ಟರೂ ಚಿಂತೆ ಬಿಡುವುದಿಲ್ಲ.

ವ್ಯಾಪಾರದ ಗತಿ ಇನ್ನೂ ವಿಚಿತ್ರವಾಗಿತ್ತು. ಕರೆಗಳೇನೋ ಸಾಲುಸಾಲಾಗಿ ಹೋಗುತ್ತಿದ್ದವು, ಗೋಡೆಯ ಮೇಲಿನ ಪರದೆಯಲ್ಲಿ ಅಂಕಿಗಳು ಏರುವುದನ್ನು ಹೂವಪ್ಪನವರು ಕ್ರಿಕೆಟ್ ಸ್ಕೋರು ನೋಡುವಂತೆ ನೋಡುತ್ತಿದ್ದರು. ಕಿವಿಗೆ ಸಿಗುತ್ತಿದ್ದವರು ಮಾತ್ರ ಎಲ್ಲ ಒಂದೇ ಜಾತಿ.

“ಹಲೋ.”

“ನಮಸ್ಕಾರ ಅಣ್ಣ, ಊಟ ಆಯ್ತಾ?”

“ಹೂಂ.”

“ಏನ್ ಸಾರು ಇವತ್ತು?”

“ಯಾಕೆ?”

ಅಷ್ಟೇ. ಎಮ್ಮೆಯ ಕಥೆ ಹೇಳುವವರಿಲ್ಲ, ಮಂಡಿನೋವಿನವರಿಲ್ಲ. “ಪುಷ್ಪಕ್ಕ, ಈ ಜಿಲ್ಲೇಲಿ ಇಷ್ಟೊಂದು ಮೂಗರಿದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ತಿ” ಎಂದಳು ವೀಣಾ. ವಾರದ ಅರ್ಧ ಕಳೆದರೂ ಒಂದೇ ಒಂದು ಸೋಲಾರ್ ಮಾರಾಟವಾಗಲಿಲ್ಲ.

ಗುಟ್ಟು ರಟ್ಟಾದದ್ದು ಗುರುವಾರ ಬೆಳಿಗ್ಗೆ. ಬಿಳಿ ಪಂಚೆಯ ಹಿರಿಯರೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಕೆಳಗಿನ ಕ್ಲಿನಿಕ್ಕಿಗೆ ಬಂದವರು ದಾರಿ ತಪ್ಪಿರಬೇಕು ಎಂದುಕೊಂಡು ವೀಣಾ, “ಹಲ್ಲಿನ ಡಾಕ್ಟ್ರು ಕೆಳಗೆ ಅಜ್ಜ” ಎಂದಳು.

“ನನ್ನ ಹಲ್ಲು ಚೆನ್ನಾಗೇ ಇದಾವೆ. ನಾನು ಭದ್ರಾವತಿಯಿಂದ ಬಂದೆ. ನರಸಿಂಹಮೂರ್ತಿ, ನಿವೃತ್ತ ಮುಖ್ಯೋಪಾಧ್ಯಾಯ. ನಿನ್ನೆಯಿಂದ ನಿಮ್ಮ ಆಫೀಸಿನವರು ನನಗೆ ಫೋನ್ ಮಾಡ್ತಾ ಇದೀರಿ. ಫೋನಿನಲ್ಲಿ ನಿಮ್ಮ ಕಂಪನಿಯ ಹೆಸರೇ ಬರುತ್ತೆ. ನಾನು ಎತ್ತಿ ಮರ್ಯಾದೆಯಿಂದ, ‘ನಮಸ್ಕಾರ, ನಾನು ಭದ್ರಾವತಿಯಿಂದ ನರಸಿಂಹಮೂರ್ತಿ ಮಾತಾಡ್ತಾ ಇದೀನಿ, ತಾವು ಯಾರು, ಎಲ್ಲಿಂದ ಮಾತಾಡ್ತಾ ಇದೀರಿ, ಯಾರು ಬೇಕಾಗಿತ್ತು’ ಅಂತ ಕೇಳೋಷ್ಟರಲ್ಲಿ ಟಪ್ ಅಂತ ಇಡ್ತೀರಿ. ಮತ್ತೆ ಮಾಡ್ತೀರಿ, ಮತ್ತೆ ಇಡ್ತೀರಿ. ನಮ್ಮ ಬೀದೀಲಿ ಬಹಳ ಜನಕ್ಕೆ ಹೀಗೇ ಆಗಿದೆ. ಮಾತಾಡೋಕೆ ಇಷ್ಟ ಇಲ್ಲ ಅಂದ್ರೆ ಯಾಕ್ರೀ ಮಾಡ್ತೀರಿ?”

ಹೂವಪ್ಪನವರು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಯೋಗೇಶನಿಗೆ ಫೋನ್ ಮಾಡಿದರು. ಅವನು ಸ್ಕೂಟರಿನಲ್ಲಿ ಓಡಿ ಬಂದು, ಮೇಷ್ಟರ ಕಥೆ ಕೇಳಿ, ಪರದೆಯಲ್ಲಿ ಏನನ್ನೋ ಒತ್ತಿ ನೋಡಿ ತಲೆ ಕೆರೆದುಕೊಂಡ. ಎತ್ತಿದ ತಕ್ಷಣ ಉದ್ದ ಮಾತಾಡಿದವರನ್ನೆಲ್ಲ ಡಯಲರು ಮಷೀನು ಎಂದು ತೀರ್ಮಾನಿಸಿ ಕಟ್ ಮಾಡಿಬಿಟ್ಟಿತ್ತು. ಕುಂಸಿಯಲ್ಲಿ ಒಂದಿಷ್ಟು ಮಷೀನುಗಳು, ಶಿವಮೊಗ್ಗದಲ್ಲಿ ಅದಕ್ಕಿಂತ ಹೆಚ್ಚು. ಭದ್ರಾವತಿಯಲ್ಲಂತೂ ಊರಿಗೆ ಊರೇ ಮಷೀನು. ಮಾತು ಬರುವ ಜನರನ್ನೆಲ್ಲ ಸೋಸಿ ಎಸೆದು, ಬರೀ ಬಾಯಿಲ್ಲದವರನ್ನು ಆರಿಸಿ ಆರಿಸಿ ಪುಷ್ಪಾಳ ಕಿವಿಗೆ ಕೊಟ್ಟಿತ್ತು.

“ನಾನು ಮಷೀನಾ?” ಎಂದರು ನರಸಿಂಹಮೂರ್ತಿಗಳು. ಅವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ನೀವು ಅಂತಲ್ಲ ಸಾರ್, ನಿಮ್ಮ ಹಲೋ ಉದ್ದ ಆಯ್ತು ಅಷ್ಟೇ. ಕಾಫಿ ಕುಡಿದು ಸರಿ ಮಾಡಿಬಿಡ್ತೀನಿ” ಎಂದ ಯೋಗೇಶ್.

ಪುಷ್ಪಾ ಅಷ್ಟರಲ್ಲಿ ಅವನ ಹೆಗಲ ಮೇಲಿಂದ ಬಗ್ಗಿ ಪರದೆ ನೋಡುತ್ತಿದ್ದಳು. ಅಲ್ಲೇ ನಡುವೆ ಇತ್ತು: ಜಯಪ್ಪ, ಜನ್ನಾಪುರ. ಮಷೀನು. ಮತ್ತೆ ಪ್ರಯತ್ನಿಸಿ. ಸೋಮವಾರದಿಂದ ಗಂಟೆಗೊಂದು ಸಲದಂತೆ ಅವನಿಗೆ ಕರೆ ಹೋಗಿತ್ತು, ಪ್ರತಿ ಸಲವೂ ಅವನು ಎತ್ತಿದ್ದ, ಪ್ರತಿ ಸಲವೂ ಮುಖಕ್ಕೆ ಹೊಡೆದಂತೆ ಫೋನ್ ಇಟ್ಟಾಗಿತ್ತು. ಅವಳಿಗೆ ಮೈ ಉರಿಯಿತು. ಮೂರು ವರ್ಷ ಅಣ್ಣನನ್ನು ಕಲ್ಲುಮನಸ್ಸಿನವನು, ಕಟುಕ, ಹೆಂಡತಿಯ ಕಡೆಯವನು ಎಂದು ಬೈದುಕೊಂಡವಳು ಅವಳೇ. ಅದು ಅವಳ ಹಕ್ಕು. ನಿನ್ನೆ ಮೊನ್ನೆ ಬಂದ ಡಬ್ಬಿ ಅವನನ್ನು ಮಷೀನು ಎಂದು ಅನ್ನುವುದೆಂದರೇನು?

“ಹುಟ್ಟಿದಾಗಿಂದ ಅವನು ಹಂಗೇ ಮಾತಾಡೋದು. ಅದಕ್ಕೆ ಇಷ್ಟೂ ಗೊತ್ತಾಗಲ್ವಾ?” ಎಂದು ಅವಳು ಯೋಗೇಶನ ಮೇಲೆ ಎಗರಿದಳು.

ಯಾರು, ಏನು ಎಂದು ಅವನು ಕೇಳುವ ಮೊದಲೇ ಮೆಟ್ಟಿಲ ಕೆಳಗಿನಿಂದ ಒಂದು ದನಿ ಬಂತು. “ಮೇಲ್ಗಡೆನೇನ್ರೀ ಸೋಲಾರ್ ಆಫೀಸು? ಹತ್ಬಹುದಾ? ಚಪ್ಪಲಿ ಇಲ್ಲೇ ಬಿಡ್ಬೇಕಾ, ಮೇಲೆ ಬಿಡ್ಬೇಕಾ?” ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಕೂತಿದ್ದವರೂ ಉತ್ತರ ಕೊಟ್ಟಿರಬೇಕು. ಪುಷ್ಪಾ ಮಾತ್ರ ನಿಂತಲ್ಲೇ ನಿಂತಳು.

ಜಯಪ್ಪ ಒಳಗೆ ಬಂದ. ಹಿಂದೆ ಜಲಜಮ್ಮ. ಅವಳ ಕೈಯಲ್ಲಿ ಕುಂಕುಮದ ಭರಣಿ, ಅವನ ಕೈಯ ಬ್ಯಾಗಿನಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಹಸಿರು ರವಿಕೆ ಕಣ. ಅಣ್ಣನ ಕೂದಲು ಪೂರ್ತಿ ಬೆಳ್ಳಗಾಗಿಬಿಟ್ಟಿತ್ತು. ಯಾವಾಗ ಆಯಿತೋ, ಅವಳಿಗೆ ಗೊತ್ತೇ ಆಗಿರಲಿಲ್ಲ.

“ಸಾಕು ಮಾರಾಯ್ತಿ” ಎಂದ ಜಯಪ್ಪ. ಯಾರಿದ್ದಾರೆ, ಯಾರಿಲ್ಲ ಎಂದು ಅವನು ನೋಡಲಿಲ್ಲ. “ಸೋಮವಾರದಿಂದ ನೋಡ್ತಿದೀನಿ. ಫೋನ್ ಮಾಡ್ತೀಯ, ನನ್ನ ದನಿ ಕೇಳ್ತೀಯ, ಇಟ್ಬಿಡ್ತೀಯ. ಮತ್ತೆ ಮಾಡ್ತೀಯ. ‘ಪುಷ್ಪಿ ಆಫೀಸು’ ಅಂತ ಹೆಸರು ಬರುತ್ತೆ, ನಂಗೆ ಗೊತ್ತಾಗಲ್ವಾ? ನಿಮ್ಮತ್ತಿಗೆ ಅಂದ್ಲು, ಪಾಪ ಮಾತಾಡೋಕೆ ಬಾಯಿ ಬರ್ತಿಲ್ಲ ಅವಳಿಗೆ, ಅಳ್ತಿರ್ಬೇಕು ಅಂತ. ನಿನ್ನೆ ರಾತ್ರಿ ನಂಗೆ ಊಟ ಸೇರ್ಲಿಲ್ಲ ಕಣೇ.”

ಜಲಜಮ್ಮ ಮುಂದೆ ಬಂದು ಪುಷ್ಪಾಳ ಹಣೆಗೆ ಕುಂಕುಮ ಇಟ್ಟಳು. “ನಮ್ಮನೆ ಗೃಹಪ್ರವೇಶಕ್ಕೆ ಕರೆಯೋಕೆ ಬಂದಿದೀವಿ ಪುಷ್ಪಾ. ಬರ್ಬೇಕು” ಎಂದಳು.

“ಯಾವತ್ತಮ್ಮ?” ಎಂದು ಹೂವಪ್ಪನವರು ಸಂಭ್ರಮದಿಂದ ಕೇಳಿದರು.

“ಆಗಿ ಮೂರು ವರ್ಷ ಆಯ್ತು” ಎಂದಳು ಜಲಜಮ್ಮ.

ಪುಷ್ಪಾಳ ಬಾಯಿ ಜೀವಮಾನದಲ್ಲಿ ಮೊದಲ ಸಲ ಕೆಲಸ ನಿಲ್ಲಿಸಿತು. ನಾನು ಮಾಡಲಿಲ್ಲ, ಮಷೀನು ಮಾಡಿದ್ದು ಎಂದು ಹೇಳಿದರೆ ಮೂರು ವರ್ಷದ ಹಟ ಅವಳದೇ ಗೆದ್ದಂತೆ. ಹೇಳದಿದ್ದರೆ ಅವಳೇ ಮೊದಲು ಮಾಡಿದಂತೆ ಆಗುತ್ತದೆ, ನಾಳೆ ಭದ್ರಾವತಿಯ ಬಳಗದಲ್ಲೆಲ್ಲ ಅದೇ ಮಾತು. ಮಾತು ಗಂಟಲವರೆಗೂ ಬಂತು. ಅಣ್ಣನ ಬೆಳ್ಳಗಿನ ತಲೆ ನೋಡಿದಳು, ಅವನು ಬ್ಯಾಗಿನಿಂದ ತೆಂಗಿನಕಾಯಿ ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತದ್ದನ್ನು ನೋಡಿದಳು. ಸೋತರೆ ಸೋತೆ, ಹಾಳಾಗಿ ಹೋಗಲಿ ಎಂದುಕೊಂಡಳು.

“ಹೂಂ ಅಣ್ಣ” ಎಂದಳು. “ಬಾಯಿ ಬರ್ಲಿಲ್ಲ.”

ವೀಣಾ ಕಣ್ಣರಳಿಸಿದಳು, ಯೋಗೇಶ್ ಕಾಫಿ ಲೋಟ ಕೆಳಗಿಟ್ಟ. ಪುಷ್ಪಾ ಇಬ್ಬರನ್ನೂ ಸುಟ್ಟುಬಿಡುವಂತೆ ನೋಡಿದಳು. ಪುಷ್ಪಾ ಸೆರಗೊಡ್ಡಿದಳು, ಜಯಪ್ಪ ತೆಂಗಿನಕಾಯನ್ನು ಹೆಂಡತಿಯ ಕೈಗೆ ಕೊಟ್ಟ, ಜಲಜಮ್ಮ ಕಾಯಿ, ಕಣ, ಎಲೆ ಅಡಿಕೆಯನ್ನು ಸೆರಗಿಗೆ ಹಾಕಿದಳು. ಎಲ್ಲ ಅಲ್ಲಿಗೆ ಚೆನ್ನಾಗಿ ಮುಗಿಯಬೇಕಿತ್ತು.

ಆದರೆ ಗಂಟೆ ತುಂಬಿತ್ತು. ಡಯಲರನ್ನು ನಿಲ್ಲಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ.

ಜಯಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ನೋಡಿದ. ಎದುರಿಗೆ ಸೆರಗು ಒಡ್ಡಿ ನಿಂತಿದ್ದ ತಂಗಿಯನ್ನು ನೋಡಿದ. ಮತ್ತೆ ಫೋನ್ ನೋಡಿದ.

“ಪುಷ್ಪಿ ಆಫೀಸು ಅಂತ ಬರ್ತಿದೆಯಲ್ಲೇ?”

ಅವನು ಎತ್ತಿ ಕಿವಿಗಿಟ್ಟು ತನ್ನ ಪದ್ಧತಿಯಂತೆ ಶುರು ಮಾಡಿದ: “ಹಲೋ, ಯಾರ್ರೀ ಅದು, ಎಲ್ಲಿಂದ ಮಾತಾಡೋದು, ಜೋರಾಗಿ ಮಾತಾಡಿ, ನಾನು ಜಯಪ್ಪ, ಜನ್ನಾಪುರದ...” ಟಪ್ ಎಂದು ಕರೆ ಕಟ್ ಆಯಿತು. ಗೋಡೆಯ ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು. ಜಯಪ್ಪನಿಗೆ ಕಿವಿ ಮಂದವಾಗಿದ್ದರೂ ಕಣ್ಣು ಚುರುಕು. ತನ್ನ ಹೆಸರನ್ನೂ, ಹೆಸರಿನ ಮುಂದೆ ತನಗೆ ಕೊಟ್ಟ ಬಿರುದನ್ನೂ ಓದಿದ.

ಹೂವಪ್ಪನವರು ಕೈ ಹಿಸುಕಿಕೊಳ್ಳುತ್ತ ಇದ್ದದ್ದನ್ನು ಇದ್ದಂತೆ ಹೇಳಿದರು. ನರಸಿಂಹಮೂರ್ತಿಗಳು, “ನಾನೂ ಮಷೀನೇ ಜಯಪ್ಪನೋರೆ, ಬೇಜಾರು ಮಾಡ್ಕೋಬೇಡಿ” ಎಂದು ಸಮಾಧಾನ ಹೇಳಿದರು. ಜಯಪ್ಪ ಯಾರ ಕಡೆಗೂ ತಿರುಗಲಿಲ್ಲ.

“ಹಾಗಾದ್ರೆ ನೀನು ಮಾಡಿರ್ಲಿಲ್ಲ” ಎಂದ. ಅವನ ದನಿ ಅಷ್ಟು ಸಣ್ಣಗೆ ಬಂದದ್ದನ್ನು ಪುಷ್ಪಾ ಯಾವತ್ತೂ ಕೇಳಿರಲಿಲ್ಲ.

ಅವಳು ಇಲ್ಲ ಎಂದು ತಲೆಯಾಡಿಸಿದಳು. ಸೆರಗಿನಲ್ಲಿ ತೆಂಗಿನಕಾಯಿ ಭಾರವಾಗಿತ್ತು.

“ಸಾರ್, ಈ ದರಿದ್ರವನ್ನ ಇವತ್ತೇ ವಾಪಸ್ ಕಳ್ಸಿಬಿಡ್ತೀನಿ” ಎಂದು ಹೂವಪ್ಪನವರು ಜಯಪ್ಪನನ್ನು ಒಲಿಸಿಕೊಳ್ಳಲು ನೋಡಿದರು. “ಮಾನಸ್ಥರಿಗೆ ಹಿಂಗೆ ಅವಮಾನ ಮಾಡೋದು ಅಂದ್ರೇನು?”

“ಯಾಕೆ ಕಳಿಸ್ತೀರಿ ಸ್ವಾಮಿ?” ಎಂದ ಜಯಪ್ಪ. “ಮೂರು ವರ್ಷದಲ್ಲಿ ಈ ಆಫೀಸಿಂದ ನಂಗೆ ಫೋನ್ ಮಾಡಿದ್ದು ಅದೊಂದೇ.”

ಪುಷ್ಪಾಳ ಕಣ್ಣಲ್ಲಿ ನೀರು ಬಂತು. ಸೆರಗಿನಲ್ಲಿದ್ದದ್ದನ್ನು ಜೋಪಾನವಾಗಿ ಮೇಜಿನ ಮೇಲಿಟ್ಟು, ಸೊಂಟದಲ್ಲಿದ್ದ ತನ್ನ ಫೋನು ತೆಗೆದಳು. ಹೆಸರು ಹುಡುಕಲಿಲ್ಲ, ಹತ್ತೂ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಎರಡು ಮಾರು ದೂರದಲ್ಲಿ ನಿಂತಿದ್ದ ಜಯಪ್ಪನ ಕೈಯಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಆಫೀಸು ಎಂದಿರಲಿಲ್ಲ, ಬರೀ ‘ಪುಷ್ಪಿ’ ಎಂದಿತ್ತು. ಮೂರು ವರ್ಷದಲ್ಲಿ ಅವನು ಆ ಹೆಸರನ್ನು ಅಳಿಸಿರಲಿಲ್ಲ.

ಅವನು ಅವಳನ್ನೇ ನೋಡುತ್ತ ಎತ್ತಿದ. ಅಭ್ಯಾಸ ಬಿಡಬೇಕಲ್ಲ! “ಹಲೋ, ಯಾರ್ರೀ ಅದು, ಎಲ್ಲಿಂದ ಮಾತಾಡೋದು, ಜೋರಾಗಿ ಮಾತಾಡಿ, ನಾನು ಜಯಪ್ಪ, ಜನ್ನಾಪುರದಿಂದ, ಮೊದ್ಲು ಕಾರ್ಖಾನೇಲಿದ್ದೆ, ಈಗ ರಿಟೈರು, ಯಾವ ಜಯಪ್ಪ ಬೇಕಿತ್ತು, ನಮ್ಮ ಬೀದೀಲಿ ಇನ್ನೊಬ್ಬ ಜಯಪ್ಪ ಇದಾರೆ, ಅವ್ರದು ಬೇರೆ ನಂಬರು, ಹೇಳಿ, ಹೇಳಿ...” ಒಂದು ಮಾತನ್ನೂ ಬಿಡದೆ ಪೂರ್ತಿ ಹೇಳಿದ. ಪುಷ್ಪಾ ಫೋನು ಕಿವಿಗೆ ಒತ್ತಿ ಹಿಡಿದು ಕೊನೆಯ ಮಾತಿನವರೆಗೂ ಕೇಳಿದಳು.

“ಅಣ್ಣ, ನಾನು ಪುಷ್ಪಿ” ಎಂದಳು. “ಊಟ ಆಯ್ತಾ?”

“ಇಲ್ಲ ಕಣೇ. ಬಸ್ಸಲ್ಲಿ ಬಂದ್ವಲ್ಲ.”

“ಮನೆಗೆ ನಡಿ. ಅತ್ತಿಗೇನೂ ಕರ್ಕೊಂಡು ಬಾ. ಹುಳಿ ಮಾಡಿದೀನಿ.”

ಎದುರಾ ಬದುರಾ ನಿಂತು ಇಬ್ಬರೂ ಫೋನಿನಲ್ಲೇ ಮಾತಾಡುತ್ತಿದ್ದರು. ಯಾರಿಗೂ ಮೊದಲು ಇಡುವ ಮನಸ್ಸಿರಲಿಲ್ಲ. ಹೂವಪ್ಪನವರು ಸ್ವಲ್ಪ ಹೊತ್ತು ಕಾದು, ಕೆಮ್ಮಿ, “ಹಾಗಾದ್ರೆ ಯಾವ ಡಯಲರು ಪುಷ್ಪಮ್ಮ?” ಎಂದು ಮೆತ್ತಗೆ ಕೇಳಿದರು.

“ಮೊದಲ್ನೇದೇ ಇರ್ಲಿ ಸಾರ್” ಎಂದಳು ಅವಳು, ಫೋನು ಕಿವಿಯಿಂದ ತೆಗೆಯದೆ. “ಗುಂಡಿ ನಾನೇ ಒತ್ತಿಕೊಳ್ತೀನಿ.”

“ಏನು? ಯಾವ ಗುಂಡಿ?” ಎಂದ ಜಯಪ್ಪ ಫೋನಿನಲ್ಲಿ. “ಜೋರಾಗಿ ಮಾತಾಡು ಪುಷ್ಪಿ, ಇಲ್ಲಿ ಸರಿಯಾಗಿ ಕೇಳಿಸ್ತಿಲ್ಲ.”